ಯುರೋಪಿನ ಬೆಣ್ಣೆ, ಮಲೆನಾಡಿನ ಹೆಪ್ಪು

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವೇರಿ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದನು. ಅಂದು ಯುರೋಪಿನ ಬೆಣ್ಣೆಗೂ ನಮ್ಮದಕ್ಕೂ ಇದ್ದ ಅಂತರ ನಾವೆಣಿಸುವಷ್ಟು ದೊಡ್ಡದಲ್ಲ. ಅಲ್ಲಿಯ ರೈತರು ಹಾಲನ್ನು ನಿಲ್ಲಿಸಿಟ್ಟು ಕೆನೆ ತೆಗೆಯುತ್ತಿದ್ದರು. ಕಡೆಯುವ ಹೊತ್ತಿಗೆ ಅದು ತಾನಾಗಿ ಹುಳಿಯೇರಿರುತ್ತಿತ್ತು. ನಮ್ಮವರು ಹಾಲು ಕಾಯಿಸಿ, ಹೆಪ್ಪು ಹಾಕಿ, ಮೊಸರನ್ನೇ ಕಡೆದರು. ಎರಡೂ ಕಡೆ ಪರಿಮಳ ಕೊಟ್ಟದ್ದು ಆ ಹುಳಿಯೇ.

1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ದೆ ಲಾವಾಲ್ ಕೆನೆ ಬೇರ್ಪಡಿಸುವ ಯಂತ್ರವನ್ನು ರೂಪಿಸಿದ ಮೇಲೆ ಹಾಲು ಹುಳಿಯುವ ಮೊದಲೇ ಕೆನೆ ದೊರೆಯತೊಡಗಿತು. 1890ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಸ್ಟೋರ್ಕ್ ಕೆನೆಗೆ ಹಾಕುವ ಶುದ್ಧ ಜೀವಾಣುಗಳ ಹೆಪ್ಪನ್ನು ಬಳಕೆಗೆ ತಂದನು. ನಮ್ಮ ಅಜ್ಜಿಯಂದಿರು ಮೊಸರಿನ ಗಡಿಗೆಯ ತಳದಲ್ಲಿ ಉಳಿಸಿಕೊಳ್ಳುತ್ತಿದ್ದುದನ್ನು ಅವರು ಪ್ರಯೋಗಶಾಲೆಯಲ್ಲಿ ಸಾಕಬೇಕಾಯಿತು! ಫ್ರಾನ್ಸಿನ ಇಸಿನ್ಯಿ ಬೆಣ್ಣೆ ಈ ಹುಳಿಗೆನೆಯದೇ; 1986ರಲ್ಲಿ ಅದರ ಊರಿನ ಹೆಸರಿಗೆ ಕಾನೂನಿನ ರಕ್ಷಣೆಯೂ ದೊರೆಯಿತು. ಇಂಗ್ಲೆಂಡಿನ ಸಿಹಿಗೆನೆಯ ಬೆಣ್ಣೆ ನನ್ನ ನಾಲಿಗೆಗೆ ಉಪ್ಪಿದ್ದೂ ಸಪ್ಪೆ.

ಮಲೆನಾಡು ಗಿಡ್ಡ ಹಸು ದಿನಕ್ಕೆ ಎರಡು-ಮೂರು ಲೀಟರು ಕೊಟ್ಟರೆ ಹೆಚ್ಚು. ಅದರ ಬೆಣ್ಣೆ ಉಪ್ಪು ಕಾಣದೆ ತುಪ್ಪವಾಗುತ್ತಿತ್ತು. ನಮ್ಮ ಮಳೆಗಾಲದಲ್ಲಿ ಕೆಡದಂತಿಡಲು ಅದೇ ಉಪಾಯ. ಈಗ ಕೊಟ್ಟಿಗೆಗಳು ಬರಿದಾಗಿ, ಹೆಪ್ಪೂ ಪ್ಯಾಕೆಟ್ಟಿನ ಮೊಸರಿನಿಂದಲೇ ಬರುತ್ತಿದೆ. ವಿದ್ಯಾರ್ಥಿಮಿತ್ರರೇ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಯಾರ ಮನೆಯಲ್ಲಾದರೂ ತಲೆಮಾರಿನ ಹೆಪ್ಪು ಉಳಿದಿದ್ದರೆ ದಯವಿಟ್ಟು ತಿಳಿಸಿರಿ.