ಎಣಿಕೆ ಮತ್ತು ಓದು: ಉಲ್ಲೇಖ ಅಧ್ಯಯನದ ನೂರು ವರ್ಷ

ಯಾವುದೇ ಸಂಶೋಧನ ಪ್ರಬಂಧದ ಮೊದಲಲ್ಲಿ ಬರೆದವರ ಹೆಸರುಗಳಿರುತ್ತವೆ, ಕೊನೆಯಲ್ಲಿ ಅವರು ಆಧರಿಸಿದ ಗ್ರಂಥ, ಲೇಖನಗಳ ಪಟ್ಟಿ ಇರುತ್ತದೆ. ಓದುಗರಲ್ಲಿ ಹೆಚ್ಚಿನವರು ಇವೆರಡನ್ನೂ ದಾಟಿ ನಡುವಿನ ವಿಷಯಕ್ಕೆ ಹೋಗುತ್ತಾರೆ. ಆದರೆ ಈ ಹೆಸರುಗಳನ್ನೂ ಈ ಪಟ್ಟಿಯನ್ನೂ ಹಿಡಿದೇ ಅಧ್ಯಯನ ಮಾಡುವ ಶಾಸ್ತ್ರವೊಂದು ಕಳೆದ ನೂರು ವರ್ಷಗಳಲ್ಲಿ ಬೆಳೆದಿದೆ. ಯಾರು ಎಷ್ಟು ಬರೆಯುತ್ತಾರೆ, ಯಾರ ಜೊತೆಗೂಡಿ ಬರೆಯುತ್ತಾರೆ, ಯಾರನ್ನು ಉಲ್ಲೇಖಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುವು ಅದರ ಪ್ರಶ್ನೆಗಳು. ಇಂದು ಅಧ್ಯಾಪಕರ ನೇಮಕಾತಿ, ಬಡ್ತಿ, ಅನುದಾನ, ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಎಲ್ಲದರಲ್ಲೂ ಈ ಶಾಸ್ತ್ರದ ಅಂಕಿಗಳಿಗೆ ಪಾಲಿದೆ. ಓದಬೇಕಾದುದನ್ನು ಹುಡುಕಿಕೊಡಲು ಹುಟ್ಟಿದ ಎಣಿಕೆ, ಓದದೆಯೇ ತೀರ್ಪು ಕೊಡುವ ಸಾಧನವಾದದ್ದು ಹೇಗೆ ಎಂಬುದು ಈ ಚರಿತ್ರೆಯಿಂದ ನಾವು ತಿಳಿಯಬೇಕಾದ ಮುಖ್ಯ ಸಂಗತಿ.

ಗ್ರಂಥಾಲಯದಲ್ಲಿ ಮೊದಲ ಹೆಜ್ಜೆ

1926ರಲ್ಲಿ ಆಲ್ಫ್ರೆಡ್ ಲೋಟ್ಕಾ ರಸಾಯನಶಾಸ್ತ್ರದ ಸಾರಸಂಗ್ರಹವಾದ ‘ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್’ನ 1907ರಿಂದ 1916ರವರೆಗಿನ ಸೂಚಿಯನ್ನು ಮುಂದಿಟ್ಟುಕೊಂಡು, ಎ ಮತ್ತು ಬಿ ಅಕ್ಷರಗಳಿಂದ ಆರಂಭವಾಗುವ ಹೆಸರಿನ 6,891 ಲೇಖಕರನ್ನು ಎಣಿಸಿದರು. ಅವರಲ್ಲಿ ನೂರಕ್ಕೆ ಸುಮಾರು 58 ಮಂದಿ ಬರೆದದ್ದು ಒಂದೇ ಒಂದು ಪ್ರಬಂಧ. ಎರಡು ಬರೆದವರು ಒಂದು ಬರೆದವರ ಸುಮಾರು ಕಾಲು ಭಾಗ, ಮೂರು ಬರೆದವರು ಸುಮಾರು ಒಂಬತ್ತನೆಯ ಒಂದು ಭಾಗ. ಹೀಗೆ ಸಂಖ್ಯೆ ವರ್ಗದ ಲೆಕ್ಕದಲ್ಲಿ ಇಳಿಯುತ್ತಿತ್ತು. ವಿದ್ವತ್ ಬರವಣಿಗೆ ಕೆಲವೇ ಕೈಗಳಲ್ಲಿ ದಟ್ಟವಾಗಿ ಸೇರುತ್ತದೆ ಎಂಬುದು ಮೊದಲ ಬಾರಿಗೆ ಲೆಕ್ಕದಲ್ಲಿ ಕಂಡಿತು.

ಮರುವರ್ಷ ಗ್ರೋಸ್ ಮತ್ತು ಗ್ರೋಸ್ ಎಂಬಿಬ್ಬರು ಬೇರೊಂದು ಅಗತ್ಯಕ್ಕಾಗಿ ಎಣಿಕೆಗೆ ಕೂತರು. ಸಣ್ಣ ಕಾಲೇಜಿನ ಗ್ರಂಥಾಲಯದ ಹಣ ಮಿತವಾದದ್ದು, ಅದರಲ್ಲಿ ರಸಾಯನಶಾಸ್ತ್ರದ ಯಾವ ಜರ್ನಲ್‌ಗಳನ್ನು ತರಿಸಬೇಕು? ಅವರು ಅಮೆರಿಕದ ಕೆಮಿಕಲ್ ಸೊಸೈಟಿಯ ಜರ್ನಲಿನ 1926ರ ಸಂಪುಟ ತೆಗೆದು, ಅದರ ಲೇಖಕರು ಯಾವ ಯಾವ ಜರ್ನಲ್‌ಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಲೆಕ್ಕ ಹಾಕಿದರು. 1934ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಗ್ರಂಥಾಲಯದ ಬ್ರಾಡ್‌ಫರ್ಡ್, ಒಂದು ವಿಷಯದ ಲೇಖನಗಳಲ್ಲಿ ದೊಡ್ಡ ಪಾಲು ಕೆಲವೇ ಜರ್ನಲ್‌ಗಳಲ್ಲಿ ಸೇರಿದ್ದು, ಉಳಿದವು ನೂರಾರು ಜರ್ನಲ್‌ಗಳಲ್ಲಿ ಚದುರಿರುತ್ತವೆ ಎಂದು ತೋರಿಸಿದರು. ಗ್ರೋಸ್ ಜೋಡಿಗೂ ಬ್ರಾಡ್‌ಫರ್ಡ್‌ಗೂ ಇದ್ದ ಗುರಿ ಒಂದೇ: ಇರುವ ದುಡ್ಡಿನಲ್ಲಿ, ಇರುವ ವೇಳೆಯಲ್ಲಿ ಓದುಗನಿಗೆ ಬೇಕಾದುದನ್ನು ಒದಗಿಸುವುದು.

ಈ ಹಾದಿಯಲ್ಲಿ ಬೆಂಗಳೂರಿಗೂ ಸ್ಥಾನವಿದೆ. ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬಳಸುವ ‘ಲೈಬ್ರಾಮೆಟ್ರಿ’ ಬೆಳೆಯಬೇಕೆಂದು ಎಸ್. ಆರ್. ರಂಗನಾಥನ್ 1948ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಮಂಡಿಸಿದರು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಂಗವಾಗಿ ಕಟ್ಟಿದ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ (ಡಿಆರ್‌ಟಿಸಿ), ಗ್ರಂಥಾಲಯ ವಿಜ್ಞಾನದ ಮುಖ್ಯ ಕೇಂದ್ರವಾಯಿತು. 1969ರಲ್ಲಿ ಅಲನ್ ಪ್ರಿಚರ್ಡ್ ‘ಬಿಬ್ಲಿಯೊಮೆಟ್ರಿಕ್ಸ್’ ಎಂಬ ಹೆಸರನ್ನು ಬಳಕೆಗೆ ತರುವ ಎರಡು ದಶಕ ಮೊದಲೇ ರಂಗನಾಥನ್ ಈ ದಿಕ್ಕಿನಲ್ಲಿ ಯೋಚಿಸಿದ್ದರು.

ಗಾರ್ಫೀಲ್ಡ್ ಸೂಚಿ

ನಿಜವಾದ ತಿರುವು ಕೊಟ್ಟವರು ಯೂಜಿನ್ ಗಾರ್ಫೀಲ್ಡ್. ಅಮೆರಿಕದ ವಕೀಲರ ಬಳಿ 1873ರಿಂದಲೂ ‘ಶೆಪರ್ಡ್ಸ್ ಸೈಟೇಶನ್ಸ್’ ಎಂಬ ಸೂಚಿಯಿತ್ತು. ಹಳೆಯ ತೀರ್ಪೊಂದನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ಅದು ತಿಳಿಸುತ್ತಿತ್ತು. ಇದನ್ನೇ ವಿಜ್ಞಾನಕ್ಕೆ ಅನ್ವಯಿಸಬಹುದೆಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ತಪ್ಪು, ಅಪೂರ್ಣ ಅಥವಾ ಹಳತಾದ ಮಾಹಿತಿಯನ್ನು ಪರಾಮರ್ಶಿಸದೆ ಮತ್ತೆ ಮತ್ತೆ ಉಲ್ಲೇಖಿಸುವುದನ್ನು ತಡೆಯಬೇಕು ಎಂಬುದು ಅವರ ಆಶಯಗಳಲ್ಲೊಂದು. ಫಿಲಡೆಲ್ಫಿಯಾದ ಅವರ ಸಂಸ್ಥೆ 1964ರಲ್ಲಿ ಮಾರುಕಟ್ಟೆಗೆ ತಂದ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ 613 ಜರ್ನಲ್‌ಗಳ ಸುಮಾರು 14 ಲಕ್ಷ ಉಲ್ಲೇಖಗಳನ್ನು ಒಳಗೊಂಡಿತ್ತು. ಅಲ್ಲಿಯವರೆಗೆ ಓದುಗ ಒಂದು ಪ್ರಬಂಧದಿಂದ ಅದರ ಹಿಂದಿನದಕ್ಕೆ ಮಾತ್ರ ಹೋಗಬಹುದಿತ್ತು. ಈಗ ಅದರ ನಂತರ ಯಾರು ಏನು ಹೇಳಿದರು ಎಂಬುದನ್ನೂ ಹುಡುಕಲು ಸಾಧ್ಯವಾಯಿತು.

ಈ ಉಲ್ಲೇಖ ರಾಶಿಯನ್ನು ಬಳಸಿ ಡೆರೆಕ್ ಡಿ ಸೊಲ್ಲಾ ಪ್ರೈಸ್ 1965ರಲ್ಲಿ ಪ್ರಬಂಧಗಳ ನಡುವಿನ ಉಲ್ಲೇಖಗಳನ್ನು ಒಂದು ಜಾಲವಾಗಿ ಕಂಡರು. 1963ರಲ್ಲಿ ಕೆಸ್ಲರ್, ಒಂದೇ ಆಕರವನ್ನು ಬಳಸಿದ ಎರಡು ಪ್ರಬಂಧಗಳಿಗೆ ನಂಟಿದೆ ಎಂದಿದ್ದರು. 1973ರಲ್ಲಿ ಅಮೆರಿಕದ ಹೆನ್ರಿ ಸ್ಮಾಲ್ ಮತ್ತು ಸೋವಿಯತ್ ಒಕ್ಕೂಟದ ಐರಿನಾ ಮಾರ್ಷಕೋವಾ ಪರಸ್ಪರ ಅರಿಯದೆ ಇದರ ಇನ್ನೊಂದು ಮುಖವನ್ನು ಕಂಡುಕೊಂಡರು. ಎರಡು ಪ್ರಬಂಧಗಳನ್ನು ಮುಂದಿನವರು ಜೊತೆಜೊತೆಯಾಗಿ ಉಲ್ಲೇಖಿಸಿದಷ್ಟೂ ಅವು ಹತ್ತಿರದವು. 1981ರಲ್ಲಿ ವೈಟ್ ಮತ್ತು ಗ್ರಿಫಿತ್ ಇದೇ ಕ್ರಮವನ್ನು ಲೇಖಕರಿಗೆ ಅನ್ವಯಿಸಿ ಒಂದು ಶಾಸ್ತ್ರದ ಒಳಬಣಗಳ ನಕ್ಷೆ ಬಿಡಿಸಿದರು. ಈ ಅಧ್ಯಯನ ಕೊಟ್ಟ ಅತ್ಯಂತ ಬೆಲೆಯುಳ್ಳ ಫಲ ಇಂಥ ನಕ್ಷೆಗಳು ಎಂದೇ ನನ್ನ ಭಾವನೆ. ಅವು ಯಾರಿಗೂ ಅಂಕ ಕೊಡುವುದಿಲ್ಲ, ವಿಚಾರಗಳು ಹರಿದ ದಾರಿಯನ್ನು ತೋರಿಸುತ್ತವೆ.

ಹೆಸರು ಯಾರದು, ಕೆಲಸ ಯಾರದು?

ಕರ್ತೃತ್ವದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. 1968ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ‘ಮ್ಯಾಥ್ಯೂ ಪರಿಣಾಮ’ವನ್ನು ವಿವರಿಸಿದರು. ಇಬ್ಬರು ಸೇರಿ ಮಾಡಿದ ಕೆಲಸದ ಕೀರ್ತಿ ಆಗಲೇ ಹೆಸರಾದವರ ಕಡೆಗೇ ವಾಲುತ್ತದೆ ಎಂಬುದು ಅದರ ಸಾರ. ಈ ಲೇಖನಕ್ಕೆ ಆಧಾರವಾದದ್ದು ನೊಬೆಲ್ ವಿಜೇತರೊಂದಿಗೆ ಹ್ಯಾರಿಯೆಟ್ ಜುಕರ್‌ಮನ್ ನಡೆಸಿದ ಸಂದರ್ಶನಗಳು. ಆದರೆ ಲೇಖನ ಬಂದದ್ದು ಮರ್ಟನ್ ಒಬ್ಬರ ಹೆಸರಿನಲ್ಲಿ. ಅದನ್ನು ಜಂಟಿ ಹೆಸರಿನಲ್ಲಿ ಪ್ರಕಟಿಸಬೇಕಿತ್ತೆಂದು ಅವರೇ ಮುಂದೆ ಅಚ್ಚಿನಲ್ಲಿ ಒಪ್ಪಿಕೊಂಡರು. ಮಹಿಳಾ ವಿಜ್ಞಾನಿಗಳ ಕೊಡುಗೆ ಹೀಗೆ ಮರೆಯಾಗುವುದನ್ನು ಇತಿಹಾಸಕಾರ್ತಿ ಮಾರ್ಗರೆಟ್ ರಾಸಿಟರ್ 1993ರಲ್ಲಿ ‘ಮಟಿಲ್ಡಾ ಪರಿಣಾಮ’ ಎಂದು ಕರೆದರು.

ಹೆಸರುಗಳ ಕ್ರಮಕ್ಕೂ ಒಂದೇ ನಿಯಮವಿಲ್ಲ. ಗಣಿತಜ್ಞರು ಸಾಮಾನ್ಯವಾಗಿ ಅಕಾರಾದಿಯಾಗಿ ಬರೆಯುತ್ತಾರೆ. ಜೀವವಿಜ್ಞಾನದಲ್ಲಿ ದುಡಿದವರು ಮೊದಲು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೆ. ಭೌತವಿಜ್ಞಾನದ ದೊಡ್ಡ ಪ್ರಯೋಗಗಳಲ್ಲಿ ಹೆಸರುಗಳ ಸಂಖ್ಯೆ ಊಹೆಗೂ ಮೀರಿದ್ದು. ಹಿಗ್ಸ್ ಬೋಸಾನ್‌ನ ದ್ರವ್ಯರಾಶಿ ಕುರಿತು 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು. ಅದರ 33 ಪುಟಗಳಲ್ಲಿ ವಿಷಯಕ್ಕೆ ಸಂದದ್ದು 9 ಪುಟ, ಲೇಖಕರ ಮತ್ತು ಅವರ ಸಂಸ್ಥೆಗಳ ಪಟ್ಟಿಗೆ 24 ಪುಟ. ಇಂಥ ಕಡೆ ‘ಲೇಖಕ’ ಎಂದರೆ ಬರೆದವರು ಎಂಬ ಅರ್ಥ ಉಳಿಯುವುದಿಲ್ಲ. ಇದಕ್ಕೂ ಬಹಳ ಮೊದಲೇ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಯಾರನ್ನು ಲೇಖಕರೆನ್ನಬೇಕು ಎಂಬುದಕ್ಕೆ ಮಾನದಂಡ ರೂಪಿಸಿತು. ಯೋಜನೆ, ದತ್ತಾಂಶ, ತಂತ್ರಾಂಶ, ಬರವಣಿಗೆ ಹೀಗೆ 14 ಪಾತ್ರಗಳನ್ನು ಬಿಡಿಸಿ ಹೇಳುವ ‘ಕ್ರೆಡಿಟ್’ ಪದ್ಧತಿಯೂ ಬಂದಿತು. ಹೊಣೆ ಹೊರಲಾಗದ ಕೃತಕ ಬುದ್ಧಿಮತ್ತೆಗೆ ಕರ್ತೃತ್ವ ಸಲ್ಲದು ಎಂದು 2023ರಲ್ಲಿ ಹಲವು ಪ್ರಮುಖ ಜರ್ನಲ್‌ಗಳು ಸ್ಪಷ್ಟಪಡಿಸಿದವು.

ನಮ್ಮ ಹೆಸರುಗಳಿಗೆ ಬೇರೆಯೇ ತೊಡಕಿದೆ. ಹೊಸೂರು ರಾಮಪ್ಪ ಸುರೇಶ್ ಎಂಬೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಮೂರನೆಯದು ಅವರದೇ ಹೆಸರು. ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿಯುವ ಸೂಚಿಯಲ್ಲಿ ಅವರು ಒಮ್ಮೆ ‘ಸುರೇಶ್ ಎಚ್. ಆರ್.’, ‘ಸುರೇಶ್ ರಾಮಪ್ಪ’ ಎಂದು ಬರೆದುಕೊಂಡಾಗ ಇನ್ನೊಮ್ಮೆ ‘ರಾಮಪ್ಪ ಎಸ್.’ ಆಗಿ, ಒಬ್ಬರೇ ಇಬ್ಬರಾಗುತ್ತಾರೆ. ಅದೇ ಹೆಸರಿನ ಇನ್ನೊಬ್ಬರ ಪ್ರಬಂಧಗಳೂ ಅವರ ಖಾತೆಗೆ ಬಂದು ಸೇರಬಹುದು. ಒಬ್ಬೊಬ್ಬ ಸಂಶೋಧಕರಿಗೂ ಪ್ರತ್ಯೇಕ ಗುರುತು ಕೊಡುವ, 2012ರಲ್ಲಿ ಆರಂಭವಾದ ‘ಆರ್ಕಿಡ್’ ಸಂಖ್ಯೆ ಈ ಗೊಂದಲಕ್ಕೆ ಸಿಕ್ಕಿರುವ ಒಳ್ಳೆಯ ಪರಿಹಾರ.

ಅಂಕಿ ಅಳತೆಗೋಲಾದಾಗ

1970ರ ದಶಕದ ನಡುವಿನಿಂದ ಗಾರ್ಫೀಲ್ಡ್ ಸಂಸ್ಥೆ ಜರ್ನಲ್‌ಗಳ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಪ್ರಕಟಿಸತೊಡಗಿತು. ಹಿಂದಿನ ಎರಡು ವರ್ಷಗಳಲ್ಲಿ ಜರ್ನಲೊಂದು 100 ಲೇಖನ ಪ್ರಕಟಿಸಿ, ಅವುಗಳಿಗೆ ಈ ವರ್ಷ 300 ಉಲ್ಲೇಖ ದೊರೆತರೆ ಅದರ ಅಂಕಿ 3. ಇದು ಜರ್ನಲಿನ ಸರಾಸರಿಯೇ ಹೊರತು ಅದರಲ್ಲಿರುವ ಯಾವ ಲೇಖನದ ಗುಣವೂ ಅಲ್ಲ. ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಜರ್ನಲಿನ ಅಂಕಿ 2008ರಲ್ಲಿ 2.051 ಇದ್ದದ್ದು ಮರುವರ್ಷ 49.926ಕ್ಕೆ ಏರಿತು. ಕಾರಣ ಒಂದೇ ಲೇಖನ. ಹರಳುಗಳ ರಚನೆ ಬಿಡಿಸಲು ಜಗತ್ತಿನ ಎಲ್ಲೆಡೆ ಬಳಸುವ ‘ಶೆಲೆಕ್ಸ್’ ತಂತ್ರಾಂಶದ ಬಗ್ಗೆ ಜಾರ್ಜ್ ಶೆಲ್ಡ್ರಿಕ್ ಬರೆದ ಆ ಲೇಖನವನ್ನು ತಂತ್ರಾಂಶ ಬಳಸಿದವರೆಲ್ಲ ಉಲ್ಲೇಖಿಸುತ್ತಿದ್ದರು. ಅದು ಎರಡು ವರ್ಷದ ಲೆಕ್ಕದಿಂದ ಆಚೆ ಹೋದೊಡನೆ ಅಂಕಿ ಮತ್ತೆ 2ರ ಆಸುಪಾಸಿಗೆ ಇಳಿಯಿತು. ಈ ಏರಿಳಿತದ ನಡುವೆ ಅದರಲ್ಲಿ ಬರೆದ ಉಳಿದ ಲೇಖಕರ ಯೋಗ್ಯತೆಯೇನೂ ಬದಲಾಗಿರಲಿಲ್ಲ.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ‘ಎಚ್-ಇಂಡೆಕ್ಸ್’ ಎಣಿಕೆಯನ್ನು ನೇರವಾಗಿ ವ್ಯಕ್ತಿಗೇ ತಂದಿತು. ತಲಾ 10 ಅಥವಾ ಹೆಚ್ಚು ಉಲ್ಲೇಖ ಪಡೆದ 10 ಪ್ರಬಂಧಗಳಿದ್ದರೆ ಸೂಚ್ಯಂಕ 10. ಲೆಕ್ಕ ಸುಲಭವಾದ್ದರಿಂದ ಅದು ಎಲ್ಲೆಡೆ ಹರಡಿತು. ಆದರೆ ಎಷ್ಟೇ ಮಹತ್ವದ್ದಾದರೂ ಒಂದೇ ಪ್ರಬಂಧ ಬರೆದವರ ಸೂಚ್ಯಂಕ ಎಂದಿಗೂ 1ನ್ನು ದಾಟದು.

ಉಲ್ಲೇಖವೇ ಮೆಚ್ಚುಗೆಯ ಗುರುತೆಂಬ ನಂಬಿಕೆಯನ್ನು ಈ ಕ್ಷೇತ್ರದವರೇ ಬಹಳ ಹಿಂದೆ ಪ್ರಶ್ನಿಸಿದ್ದರು. 1975ರಲ್ಲಿ ಮೊರಾವ್‌ಚಿಕ್ ಮತ್ತು ಮುರುಗೇಶನ್ ಸೈದ್ಧಾಂತಿಕ ಭೌತವಿಜ್ಞಾನದ 30 ಪ್ರಬಂಧಗಳನ್ನು ಸಾಲುಸಾಲಾಗಿ ಓದಿದಾಗ, ನೂರಕ್ಕೆ ಸುಮಾರು 40 ಉಲ್ಲೇಖಗಳು ಬರೀ ಔಪಚಾರಿಕ ಎಂದು ಕಂಡುಬಂತು. 2014ರಲ್ಲಿ ‘ನೇಚರ್’ ಅತಿ ಹೆಚ್ಚು ಉಲ್ಲೇಖಗೊಂಡ 100 ಪ್ರಬಂಧಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಪ್ರೋಟೀನ್ ಅಳೆಯುವ ವಿಧಾನವನ್ನು ವಿವರಿಸಿದ 1951ರ ಲೌರಿ ಪ್ರಬಂಧಕ್ಕೆ. ಡಿಎನ್‌ಎ ರಚನೆಯನ್ನು ತಿಳಿಸಿದ ಪ್ರಬಂಧ ಆ ಪಟ್ಟಿಯಲ್ಲೇ ಇರಲಿಲ್ಲ. ಕೆಲವು ಶೋಧಗಳು ಎಷ್ಟು ಸಹಜವಾಗಿ ಜ್ಞಾನದಲ್ಲಿ ಬೆರೆತುಹೋಗುತ್ತವೆಂದರೆ ಅವನ್ನು ಯಾರೂ ಉಲ್ಲೇಖಿಸುವುದೇ ಇಲ್ಲ. ರಾಮನ್ ಪರಿಣಾಮವನ್ನು ದಿನವೂ ಬಳಸುವ ಪ್ರಯೋಗಾಲಯಗಳಲ್ಲಿ 1928ರ ಮೂಲ ಟಿಪ್ಪಣಿಯನ್ನು ಹೆಸರಿಸುವವರು ವಿರಳ. ಅದರ ಸಹಲೇಖಕ ಕೆ. ಎಸ್. ಕೃಷ್ಣನ್ ಅವರ ಹೆಸರನ್ನು ನೆನೆಯುವವರು ಇನ್ನೂ ವಿರಳ.

2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಜರ್ನಲಿನ ಅಂಕಿಯಿಂದ ಸಂಶೋಧಕರನ್ನು ಅಳೆಯಬೇಡಿ ಎಂದಿತು. 2015ರ ಲೈಡನ್ ಪ್ರಣಾಳಿಕೆ, ಅಂಕಿ ತಜ್ಞರ ವಿವೇಚನೆಗೆ ನೆರವಾಗಬೇಕೇ ಹೊರತು ಅದರ ಜಾಗ ಹಿಡಿಯಬಾರದು ಎಂದಿತು. ಆದರೆ ಭಾರತದಲ್ಲಿ 2010ರ ಯುಜಿಸಿ ನಿಯಮಾವಳಿ ಪ್ರಬಂಧಕ್ಕೆ ಇಂತಿಷ್ಟು ಅಂಕವೆಂಬ ಎಪಿಐ ಪದ್ಧತಿ ತಂದಿತ್ತು. ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿಗೆ ಅದರಿಂದ ಗಿರಾಕಿಗಳು ಹೆಚ್ಚಿದರು. ನಷ್ಟವಾದದ್ದು ನಿಧಾನವಾಗಿ, ಪ್ರಾಮಾಣಿಕವಾಗಿ ದುಡಿಯುವವರಿಗೆ.

ಕನ್ನಡಕ್ಕೆ ಬೇಕಾದುದು

ಯಾರು ಯಾರನ್ನು ಹೆಸರಿಸಿದ್ದಾರೆ ಎಂಬುದರಿಂದ ಚರಿತ್ರೆ ಕಟ್ಟುವುದು ಕನ್ನಡ ವಿದ್ವತ್ತಿಗೆ ಹೊಸದಲ್ಲ. ಆರ್. ನರಸಿಂಹಾಚಾರ್ಯರು ‘ಕರ್ನಾಟಕ ಕವಿಚರಿತೆ’ಯಲ್ಲಿ ಕವಿಗಳ ಕಾಲ ನಿರ್ಣಯಿಸುವಾಗ ಪೂರ್ವಕವಿ ಸ್ತುತಿಗಳನ್ನು ಆಧಾರವಾಗಿ ಬಳಸಿದರು. ದುರ್ವಿನೀತ, ನಾಗಾರ್ಜುನ, ಜಯಬಂಧುಗಳ ಕನ್ನಡ ಗದ್ಯ ನಮಗೆ ಸಿಕ್ಕಿಲ್ಲ. ‘ಕವಿರಾಜಮಾರ್ಗ’ ಹೆಸರಿಸಿದ್ದರಿಂದ ಅವರು ಗದ್ಯಕಾರರೆಂದು ನಮಗೆ ಗೊತ್ತು. ನರಸಿಂಹಾಚಾರ್ಯರಂಥ ವಿದ್ವಾಂಸರು ಎಷ್ಟು ಸಲ ಎಂದು ಎಣಿಸಿ ನಿಲ್ಲಲಿಲ್ಲ. ಯಾರು, ಎಲ್ಲಿ, ಯಾವ ಮಾತಿನಲ್ಲಿ ನೆನೆದರು ಎಂದು ಓದಿದರು.

ಇಂದು ಕನ್ನಡದಲ್ಲಿ ಬರುವ ಶಾಸನ, ಛಂದಸ್ಸು, ಜಾನಪದ, ಭಾಷಾಶಾಸ್ತ್ರದ ಸಂಶೋಧನೆಯ ಬಹುಪಾಲು ಅಂತರರಾಷ್ಟ್ರೀಯ ಸೂಚಿಗಳಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣದ್ದಕ್ಕೆ ಅಂಕವಿಲ್ಲ, ಅಂಕವಿಲ್ಲದ್ದನ್ನು ಬರೆಯಲು ಹೊಸಬರು ಹಿಂಜರಿಯುತ್ತಾರೆ. ಜಗತ್ತಿನಲ್ಲಿ ಈಗ ಉಲ್ಲೇಖ ಮಾಹಿತಿಯನ್ನು ಎಲ್ಲರಿಗೂ ಮುಕ್ತವಾಗಿಡುವ ಪ್ರಯತ್ನಗಳು ನಡೆದಿವೆ. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯ ವಿಜ್ಞಾನ ವಿಭಾಗಗಳೂ ಕನ್ನಡ ವಿಭಾಗಗಳೂ ಒಟ್ಟಾಗಿ ಕನ್ನಡ ಸಂಶೋಧನೆಗೊಂದು ಮುಕ್ತ ಉಲ್ಲೇಖ ಸೂಚಿ ಕಟ್ಟಬೇಕು. ಹಳಗನ್ನಡದ ಒಂದು ಪಾಠದ ಬಗ್ಗೆ ಈವರೆಗೆ ಯಾರು ಏನು ಹೇಳಿದ್ದಾರೆ ಎಂಬುದು ದೂರದ ತಾಲ್ಲೂಕಿನ ವಿದ್ಯಾರ್ಥಿಗೂ ಒಂದೇ ಕಡೆ ಸಿಗಬೇಕು. ಆ ಸೂಚಿಯಿಂದ ಯಾರಿಗೂ ಅಂಕ ಹಾಕದಿರುವ ನಿರ್ಧಾರವನ್ನೂ ಆರಂಭದಲ್ಲೇ ಮಾಡಬೇಕು. ಬಡ್ತಿಗೋ ಬಹುಮಾನಕ್ಕೋ ಬಂದ ಪ್ರಬಂಧವನ್ನು ಸಮಿತಿಯವರು ಕೂತು ಓದಲಿ. ಆ ಕೆಲಸವನ್ನು ಯಾವ ಸೂಚ್ಯಂಕಕ್ಕೂ ಒಪ್ಪಿಸಲಾಗದು.