ಬೆಳಕಿನ ಪಾಠಾಂತರಗಳು

2020ನೆಯ ಇಸವಿಯ ಸೆಪ್ಟೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಬೆಳಗಾದರೂ ಬೆಳಗಾದಂತೆ ತೋರಲಿಲ್ಲ. ಕಾಳ್ಗಿಚ್ಚಿನ ಹೊಗೆ ಮುಗಿಲನ್ನು ಮುಚ್ಚಿ, ಹಗಲಿನಲ್ಲಿಯೇ ಊರೆಲ್ಲ ಕಿತ್ತಳೆಯ ಬಣ್ಣಕ್ಕೆ ತಿರುಗಿತ್ತು. ಬೆರಗಾದ ಜನ ಕೈಯಲ್ಲಿದ್ದ ಫೋನುಗಳಿಂದ ಅದರ ಚಿತ್ರ ಹಿಡಿದರು. ಆದರೆ ಅನೇಕರ ಚಿತ್ರಗಳಲ್ಲಿ ಮೂಡಿದ್ದು ಬೂದುಬಣ್ಣದ, ಮೋಡ ಕವಿದ ಒಂದು ಸಾಧಾರಣ ದಿನ. ಯಂತ್ರ ಕೆಟ್ಟಿರಲಿಲ್ಲ. ಹಗಲಿನ ಆಕಾಶಕ್ಕೆ ಅಂಥ ಬಣ್ಣ ಇರಲಾರದೆಂಬ ನಂಬಿಕೆಯಿಂದ ಅದು ಆ ಕಿತ್ತಳೆಯನ್ನು ಬೆಳಕಿನ ದೋಷವೆಂದು ಬಗೆದು ತಿದ್ದಿಬಿಟ್ಟಿತ್ತು.

ಈ ತಿದ್ದುವಿಕೆಗೆ ಛಾಯಾಗ್ರಾಹಕರು ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಬಿಳಿಯ ಸಮತೋಲ ಎನ್ನೋಣ. ಇದರ ಒಡಹುಟ್ಟು ಟೋನ್ ಮ್ಯಾಪಿಂಗ್, ಎಂದರೆ ಪ್ರಕೃತಿಯ ಅಪಾರವಾದ ಬೆಳಕು ನೆರಳುಗಳನ್ನು ಕಾಗದದ ಅಥವಾ ಪರದೆಯ ಅಲ್ಪ ವ್ಯಾಪ್ತಿಗೆ ಇಳಿಸುವ ಕೆಲಸ. ಇವೆರಡೂ ಗಣಕಯಂತ್ರದ ಕಾಲದ ಹೊಸ ಚಮತ್ಕಾರಗಳೆಂದು ನಾವು ತಿಳಿಯುವುದುಂಟು. ಅದು ಸರಿಯಲ್ಲ. ಕಣ್ಣಿಗೆ ಸೇರಿದ ವಿಷಯವನ್ನು ಕಿವಿಗೆ ಹೇಳಬೇಕಾದ ಬಾನುಲಿಯ ಇಕ್ಕಟ್ಟು ನನಗಿದೆ. ಆದರೂ ಈ ಹಳೆಯ ಕಥೆಯನ್ನು ಕೊಂಚ ನಿವೇದಿಸುತ್ತೇನೆ.

ಬಿಸಿಲಿನಲ್ಲಿ ನಿಂತ ಮನೆಯ ಸುಣ್ಣದ ಗೋಡೆಗೂ ಅದೇ ಮನೆಯ ನಡುಕೋಣೆಯ ಮೂಲೆಗೂ ಬೆಳಕಿನಲ್ಲಿ ಸಾವಿರಾರು ಪಟ್ಟು ಅಂತರವಿರುತ್ತದೆ. ಒಳ್ಳೆಯ ಪ್ರಿಂಟಿನ ಅತ್ಯಂತ ಬಿಳಿಗೂ ಅತ್ಯಂತ ಕಪ್ಪಿಗೂ ಇರುವ ಅಂತರವಾದರೋ ನೂರರ ಆಸುಪಾಸು. ಸಾವಿರವನ್ನು ನೂರರಲ್ಲಿ ಹಿಡಿಸಬೇಕಾದರೆ ಏನನ್ನಾದರೂ ಬಿಡಬೇಕು, ಇಲ್ಲವೆ ಕುಗ್ಗಿಸಬೇಕು. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ಗಾಜಿನ ಫಲಕಕ್ಕೆ ಇನ್ನೊಂದು ಕೊರತೆಯೂ ಇತ್ತು. ಅದು ನೀಲಿಗೆ ಬೇಗ ಸ್ಪಂದಿಸುತ್ತಿತ್ತು, ಕೆಂಪಿಗೆ ಕುರುಡಾಗಿತ್ತು. ನೆಲ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರಿಯ ಬಿಳಿಯ ಹಾಳೆಯಾಗುತ್ತಿತ್ತು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ ಮೊದಲು ಚಿತ್ರಕಲೆಯನ್ನು ಕಲಿತವನು. ಮೋಡವಿಲ್ಲದ ಕಡಲು ಅವನಿಗೆ ಒಪ್ಪಿಗೆಯಾಗಲಿಲ್ಲ. ಕಡಲಿಗೊಂದು, ಮುಗಿಲಿಗೊಂದು ಎಂದು ಎರಡು ನೆಗೆಟಿವ್‌ಗಳನ್ನು ತೆಗೆದು, ದಿಗಂತದ ಗೆರೆಯಲ್ಲಿ ಅವನ್ನು ಕೂಡಿಸಿ ಒಂದೇ ಕಾಗದದ ಮೇಲೆ ಅಚ್ಚಿಳಿಸಿದ. ಮೆಡಿಟರೇನಿಯನ್ ತೀರದ ಸೆತ್ ಊರಿನಲ್ಲಿ 1857ರಲ್ಲಿ ತೆಗೆದ ಮಹಾತರಂಗದ ಚಿತ್ರ ಹೀಗೆ ಹುಟ್ಟಿದ್ದು. ಒಂದೇ ಮೋಡ ಅವನ ಬೇರೆ ಬೇರೆ ಚಿತ್ರಗಳಲ್ಲಿ ಬೇರೆ ಬೇರೆ ಕಡಲುಗಳ ಮೇಲೆ ಹಾದುಹೋಗಿರುವುದನ್ನು ಅನಂತರದವರು ಪತ್ತೆ ಹಚ್ಚಿದ್ದಾರೆ! ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಬಿಳಿಯ ಹಾಳೆಯಂಥ ಆಕಾಶವೇನೂ ಸತ್ಯವಾಗಿರಲಿಲ್ಲವಲ್ಲ?

1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಎಂಬ ವಿದ್ವಾಂಸ ಬಣ್ಣದ ರಾಸಾಯನಿಕಗಳನ್ನು ಸೇರಿಸಿ ಫಲಕದ ಕುರುಡನ್ನು ಹೋಗಲಾಡಿಸುವ ದಾರಿ ಕಂಡ. 1890ರಲ್ಲಿ ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಗೆಳೆಯರು ಫಲಕದ ಮೇಲೆ ಬಿದ್ದ ಬೆಳಕಿಗೂ ಅದು ಪಡೆಯುವ ಕಪ್ಪಿಗೂ ಇರುವ ಸಂಬಂಧವನ್ನು ಒಂದು ವಕ್ರರೇಖೆಯಾಗಿ ಬರೆದು ತೋರಿಸಿದರು. ಇಂದು ಗಣಕದ ಪರದೆಯ ಮೇಲೆ ಹುಡುಗರು ಬೆರಳಿನಿಂದ ಎಳೆದು ಬಗ್ಗಿಸುವ ಗೆರೆ ಅದರ ವಂಶದ್ದೇ.

ಈ ಪರಂಪರೆಯಲ್ಲಿ ನನಗೆ ಬಹಳ ಪ್ರಿಯನಾದವನು ಅಮೆರಿಕದ ಆನ್ಸೆಲ್ ಆಡಮ್ಸ್. ಬೆಳಕನ್ನು ಅಚ್ಚಗಪ್ಪಿನಿಂದ ಅಚ್ಚಬಿಳಿಯವರೆಗೆ ಹನ್ನೊಂದು ಮೆಟ್ಟಿಲುಗಳಾಗಿ ಎಣಿಸಿ, ಯಾವುದು ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂದು ಮೊದಲೇ ನಿಶ್ಚಯಿಸುವ ಕ್ರಮವನ್ನು ಅವನು ಫ್ರೆಡ್ ಆರ್ಚರ್ ಎಂಬವನೊಡನೆ 1940ರ ಸುಮಾರಿಗೆ ರೂಪಿಸಿದ. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಬರುತ್ತಿದ್ದಾಗ, ಮೂಡಣದಲ್ಲಿ ಚಂದ್ರ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕೊನೆಯ ಕಿರಣ ಕಂಡಿತು. ಗಡಿಬಿಡಿಯಲ್ಲಿ ಬೆಳಕಿನ ಮಾಪಕ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬುದು ನೆನಪಿನಲ್ಲಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಒಂದು ಸೆಕೆಂಡು ಬೆಳಕು ಬಿಟ್ಟ. ಎರಡನೆಯ ಚಿತ್ರಕ್ಕೆಂದು ಫಲಕ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು.

ಉಳಿದದ್ದು ಒಂದೇ ನೆಗೆಟಿವ್, ಅದೂ ಮುನ್ನೆಲೆ ತೀರ ಸೊರಗಿದ್ದು. 1948ರಲ್ಲಿ ಆ ಭಾಗಕ್ಕೆ ರಾಸಾಯನಿಕದಿಂದ ಬಲ ತುಂಬಿದ. ಮುಂದೆ ದಶಕಗಳ ಕಾಲ ಅದರಿಂದ ಸಾವಿರಕ್ಕೂ ಹೆಚ್ಚು ಪ್ರಿಂಟುಗಳನ್ನು ಮಾಡಿದ. ಕತ್ತಲ ಕೋಣೆಯಲ್ಲಿ ಒಂದೆಡೆಗೆ ಕೈ ಅಡ್ಡ ಹಿಡಿದು ಬೆಳಕು ತಡೆಯುವುದು, ಇನ್ನೊಂದೆಡೆಗೆ ಹೆಚ್ಚು ಬಿಡುವುದು, ಇದೇ ಅವನ ವಿದ್ಯೆ. ಮೊದಲ ಪ್ರಿಂಟುಗಳ ಆಕಾಶದಲ್ಲಿ ತೆಳುಮೋಡಗಳು ಕಾಣುತ್ತವೆ. ವಯಸ್ಸಾದಂತೆ ಅವನ ಆಕಾಶ ಕಪ್ಪಾಗುತ್ತ ಹೋಯಿತು. ಯೌವನದಲ್ಲಿ ಪಿಯಾನೋ ಸಾಧನೆ ಮಾಡಿದ್ದ ಆತ ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಪ್ರಿಂಟನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದ. ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕೀರ್ತನೆ ಒಂದೇ, ಕಚೇರಿ ನೂರು. 2002ರಲ್ಲಿ ಎರಿಕ್ ರೈನ್ಹಾರ್ಡ್ ಮತ್ತು ಸಂಗಡಿಗರು ಗಣಕಕ್ಕಾಗಿ ಟೋನ್ ಮ್ಯಾಪಿಂಗಿನ ಸೂತ್ರವೊಂದನ್ನು ರಚಿಸಿದಾಗ ಆಡಮ್ಸನ ಈ ಮೆಟ್ಟಿಲುಗಳನ್ನೂ ಕೈ ಅಡ್ಡ ಹಿಡಿಯುವ ಕೌಶಲವನ್ನೂ ಗಣಿತಕ್ಕೆ ತಿರುಗಿಸಿದರು.

ಬಿಳಿಯ ಸಮಸ್ಯೆ ಇನ್ನೂ ಹಳೆಯದು. 1789ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಗಣಿತಜ್ಞ ಗಾಸ್ಪಾರ್ ಮೋಂಜ್ ಒಂದು ವಿಚಿತ್ರವನ್ನು ತೋರಿಸಿದ. ಕೆಂಪು ಗಾಜಿನ ಮೂಲಕ ನೋಡಿದರೆ ಕೆಂಪು ಕಾಗದ ಕಡುಗೆಂಪಾಗಿ ಕಾಣಬೇಕು, ಕಂಡದ್ದು ಬಿಳಿಯಾಗಿ! ಕಣ್ಣು ಬೆಳಕನ್ನು ಇದ್ದಂತೆ ಒಪ್ಪುವುದಿಲ್ಲ, ಸುತ್ತಲ ಬಣ್ಣವನ್ನು ಲೆಕ್ಕಕ್ಕೆ ಹಿಡಿದು ಕಳೆಯುತ್ತದೆ. ಹರಳೆಣ್ಣೆ ದೀಪದಡಿಯಲ್ಲೂ ಮಲ್ಲಿಗೆ ನಮಗೆ ಬಿಳಿಯಾಗಿಯೇ ಕಾಣುವುದು ಇದರಿಂದ. ಫಿಲ್ಮಿಗೆ ಈ ವಿವೇಕವಿಲ್ಲ. ಮೇಣದ ಬತ್ತಿಯ ಬೆಳಕು ಸುಮಾರು 1,900 ಕೆಲ್ವಿನ್, ನಡುಹಗಲಿನದು ಸುಮಾರು 5,500. ಅಂಕಿ ಏರಿದಂತೆ ಬೆಳಕು ನೀಲಿಯಾಗುತ್ತದೆ. ನೀಲಿಯನ್ನು ತಂಪೆನ್ನುವ ಕಲಾವಿದರಿಗೂ ಅದನ್ನು ಹೆಚ್ಚು ಬಿಸಿ ಎನ್ನುವ ಭೌತವಿಜ್ಞಾನಿಗಳಿಗೂ ಈ ಜಗಳ ಬಗೆಹರಿಯುವಂತಿಲ್ಲ. ಹಗಲಿಗೊಂದು, ದೀಪಕ್ಕೊಂದು ಎಂದು ಬೇರೆ ಬೇರೆ ಫಿಲ್ಮು ಮಾರಿಯೇ ಕಂಪನಿಗಳು ಬಹುಕಾಲ ಕೆಲಸ ಸಾಗಿಸಿದವು.

ಈಗಿನ ಕ್ಯಾಮೆರಾ ‘ರಾ’ ಎಂಬ ಹಸಿ ದಾಖಲೆಯನ್ನು ಕೊಡಬಲ್ಲದು. 1976ರಲ್ಲಿ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್‌ಗೆ ದೊರೆತ ಪೇಟೆಂಟಿನ ಕ್ರಮದಲ್ಲಿ, ಎರಡು ಹಸಿರಿಗೆ ಒಂದು ಕೆಂಪು, ಒಂದು ನೀಲಿ ಎಂಬಂತೆ ಹೊದಿಸಿದ ಕೋಶಗಳು ಎಣಿಸಿದ ಬೆಳಕಿನ ಮೊತ್ತವಷ್ಟೇ ಅದರಲ್ಲಿರುತ್ತದೆ. ಹದಿನಾಲ್ಕು ಬಿಟ್ಟಿನ ದಾಖಲೆಯಾದರೆ ಒಂದೊಂದು ಕೋಶಕ್ಕೂ 16,384 ಮಟ್ಟಗಳು. ಮಾಮೂಲಿ ಜೆಪೆಗ್ ಚಿತ್ರದಲ್ಲಿ ಬಣ್ಣವೊಂದಕ್ಕೆ 256. ಯಾವುದು ಬಿಳಿ ಎಂಬ ಯಂತ್ರದ ತೀರ್ಪು ಪಕ್ಕದ ಟಿಪ್ಪಣಿಯಾಗಿ ಮಾತ್ರ ಇರುತ್ತದೆ. ಅದನ್ನು ಒಪ್ಪಬಹುದು, ಕೆಂಪಿನ ಮತ್ತು ನೀಲಿಯ ಗುಣಕಗಳನ್ನು ಬದಲಿಸಿ ಬೇರೆ ತೀರ್ಪನ್ನೂ ಕೊಡಬಹುದು.

ಗ್ರಂಥಸಂಪಾದನೆಯ ಪಾಠ ಹೇಳಿದವನಿಗೆ ಇಲ್ಲಿ ಓಲೆಗರಿ ನೆನಪಾಗದಿರದು. ಅಪರಿಚಿತವಾದ ಹಳೆಯ ಮಾತು ಎದುರಾದಾಗ ತಪ್ಪೆಂದು ಭಾವಿಸಿ, ತನಗೆ ಗೊತ್ತಿದ್ದ ಮಾತನ್ನು ಅಲ್ಲಿ ಕೂರಿಸಿದ ಲಿಪಿಕಾರರು ನಮ್ಮಲ್ಲಿ ಎಷ್ಟು ಮಂದಿ! ಅವರ ಉದ್ದೇಶ ಒಳ್ಳೆಯದೇ. ಆದ್ದರಿಂದಲೇ ಸಂಪಾದಕನಾದವನು ಸುಲಭಪಾಠವನ್ನು ಸಂಶಯದಿಂದ ಕಾಣುತ್ತಾನೆ, ಕ್ಲಿಷ್ಟಪಾಠವನ್ನು ಅವಸರದಲ್ಲಿ ತಳ್ಳುವುದಿಲ್ಲ; ತಿದ್ದಿದರೂ ಮೂಲವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಲ ಗ್ರೇಯೂ ಆಡಮ್ಸನೂ ಬೆಳಕನ್ನು ಧಾರಾಳವಾಗಿ ತಿದ್ದಿದರು, ಆದರೆ ತಾವು ಕಣ್ಣಾರೆ ಕಂಡು ತಿದ್ದಿದರು. ಸ್ಯಾನ್ ಫ್ರಾನ್ಸಿಸ್ಕೋದ ಫೋನು ಕಾಣದೆಯೇ ತಿದ್ದಿತು.

ಅಂದು ರಾ ದಾಖಲೆ ಇಟ್ಟುಕೊಂಡವರಿಗೆ ಕಷ್ಟವಾಗಲಿಲ್ಲ. ಬಿಳಿಯ ಅಂಕಿಯನ್ನು ನಡುಹಗಲಿನ 5,500ರ ಬಳಿಗೆ ತಂದು ನಿಲ್ಲಿಸಿದರೆ ಸಾಕಿತ್ತು, ತಾವು ಕಂಡ ಕಿತ್ತಳೆಯ ಆಕಾಶ ಪರದೆಯ ಮೇಲೆ ತೆರೆದುಕೊಳ್ಳುತ್ತಿತ್ತು. ಉಳಿದವರು ಬೂದುಬಣ್ಣದ ಚಿತ್ರಕ್ಕೆ ನೆನಪಿನಿಂದ ಕಿತ್ತಳೆ ಬಳಿಯಬೇಕಾಯಿತು.