ಚೀಟಿ ಕುಲುಕಿದರೆ ಸಾಕೇ?

ತರಗತಿಯ 60 ಮಂದಿಯಲ್ಲಿ ಐವರನ್ನು ಪಕ್ಷಪಾತವಿಲ್ಲದೆ ಆರಿಸಬೇಕು ಎಂದಿಟ್ಟುಕೊಳ್ಳಿ. ನೀವು ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಎತ್ತುತ್ತೀರಿ. ಇದಕ್ಕಿಂತ ನ್ಯಾಯ ಇನ್ನೇನಿದೆ ಎನ್ನಿಸುತ್ತದೆ, ಅಲ್ಲವೇ? ಅಮೆರಿಕದ ಸರ್ಕಾರವೂ ಒಮ್ಮೆ ಹೀಗೆಯೇ ಎಣಿಸಿತ್ತು.

1969ರ ಡಿಸೆಂಬರ್ 1. ವಿಯೆಟ್ನಾಂ ಯುದ್ಧದ ಕಾಲ. 1944ರಿಂದ 1950ರವರೆಗೆ ಹುಟ್ಟಿದ ತರುಣರಲ್ಲಿ ಕಡ್ಡಾಯ ಸೇನಾಸೇವೆಗೆ ಯಾರು ಮೊದಲು ಹೋಗಬೇಕೆಂದು ತೀರ್ಮಾನವಾಗಬೇಕಿತ್ತು. ವರ್ಷದ 366 ತಾರೀಖುಗಳನ್ನು ಒಂದೊಂದು ಪ್ಲಾಸ್ಟಿಕ್ ಕ್ಯಾಪ್ಸೂಲಿನೊಳಗಿಟ್ಟು, ವಾಷಿಂಗ್ಟನ್ನಿನಲ್ಲಿ ಟೆಲಿವಿಷನ್ ಕ್ಯಾಮೆರಾಗಳೆದುರು ಗಾಜಿನ ಜಾಡಿಯಿಂದ ಎತ್ತಲಾಯಿತು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರೇ ಮೊದಲ ಸರದಿಯವರು. ಕಡೆಗೆ 195ನೆಯ ಕ್ರಮಾಂಕದವರೆಗೆ ಕರೆ ಹೋಯಿತು.

ಪಟ್ಟಿ ಪ್ರಕಟವಾದ ಮೇಲೆ ಲೆಕ್ಕ ಬಲ್ಲವರು ಸುಮ್ಮನಿರಲಿಲ್ಲ. ಚೆನ್ನಾಗಿ ಬೆರೆತಿದ್ದರೆ ಪ್ರತಿ ತಿಂಗಳ ಸರಾಸರಿ ಕ್ರಮಾಂಕ 183ರ ಆಸುಪಾಸಿನಲ್ಲಿರಬೇಕು. ಜನವರಿಯದು 201, ಡಿಸೆಂಬರಿನದು ಬರೀ 121! ಕ್ಯಾಪ್ಸೂಲುಗಳನ್ನು ತಿಂಗಳ ಅನುಕ್ರಮದಲ್ಲಿಯೇ ಪೆಟ್ಟಿಗೆಗೆ ಸುರಿದಿದ್ದರು. ಕೊನೆಗೆ ಬಿದ್ದ ತಿಂಗಳುಗಳು ಸಾಕಷ್ಟು ಬೆರೆಯಲಿಲ್ಲ. ವರ್ಷದ ಕೊನೆಯಲ್ಲಿ ಹುಟ್ಟಿದ ತಪ್ಪಿಗೆ ಹುಡುಗರಿಗೆ ರಣರಂಗ ಹತ್ತಿರವಾಯಿತು.

ಕೈಯಿಂದ ಬೆರೆಸುವುದನ್ನು ನಂಬಬಾರದೆಂಬುದು ಹಳೆಯ ಪಾಠವೇ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಎಲ್. ಎಚ್. ಸಿ. ಟಿಪ್ಪೆಟ್ ಚೀಲದಿಂದ ಕಾರ್ಡು ಎತ್ತುವಾಗ ಇದೇ ತೊಡಕನ್ನು ಎದುರಿಸಿ, ಜನಗಣತಿ ವರದಿಗಳಿಂದ 41,600 ಅಂಕಿಗಳನ್ನು ತೆಗೆದು 1927ರಲ್ಲಿ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕವನ್ನೇ ಪ್ರಕಟಿಸಿದ್ದರು.

ಅಂಥ ಕೋಷ್ಟಕವಿದ್ದರೆ ಡಬ್ಬಿಯೇ ಬೇಡ. ಹಾಜರಿ ಪುಸ್ತಕದ ಪ್ರತಿ ಹೆಸರಿನ ಮುಂದೆ ಕೋಷ್ಟಕದಿಂದ ಸಾಲಾಗಿ ನಾಲ್ಕಂಕಿಯ ಒಂದೊಂದು ಸಂಖ್ಯೆ ಬರೆಯಿರಿ. (ಕಂಪ್ಯೂಟರ್ ಕೊಟ್ಟದ್ದೂ ಆದೀತು, ನಿಮ್ಮ ಮನಸ್ಸಿಗೆ ತೋಚಿದ್ದು ಮಾತ್ರ ಬೇಡ.) ಇಬ್ಬರಿಗೆ ಒಂದೇ ಸಂಖ್ಯೆ ಬಂದರೆ ಇಬ್ಬರಿಗೂ ಮತ್ತೊಂದು ಅಂಕಿ ಸೇರಿಸಿ. ಈಗ ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ. ಹೆಸರುಗಳೂ ಅವುಗಳ ಜೊತೆಗೇ ಸರಿಯುತ್ತವೆ. ಮೇಲಿನ ಐದು ಹೆಸರುಗಳೇ ನಿಮ್ಮ ಸರಳ ಯಾದೃಚ್ಛಿಕ ಮಾದರಿ. 60 ಮಂದಿಯಿಂದ ಐವರ ಗುಂಪನ್ನು 54,61,512 ಬಗೆಯಲ್ಲಿ ಮಾಡಬಹುದು. ಅಷ್ಟು ಗುಂಪುಗಳಿಗೂ ಇಲ್ಲಿ ಅವಕಾಶ ಸಮ. ಹೆಸರು ಪಟ್ಟಿಯಲ್ಲಿ ಮೊದಲಿತ್ತೇ, ಕೊನೆಗಿತ್ತೇ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

1970ರ ಜುಲೈ 1ರಂದು ನಡೆದ ಮುಂದಿನ ಆಯ್ಕೆಗೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದಲೇ ಮೊದಲು ಅನುಕ್ರಮ ತಪ್ಪಿಸಿಕೊಟ್ಟರು. ತಾರೀಖುಗಳಿಗೊಂದು, ಕ್ರಮಾಂಕಗಳಿಗೊಂದು ಎಂದು ಎರಡು ಪೀಪಾಯಿಗಳೂ ಬಂದವು. 1969ರ ಪಟ್ಟಿ ಮಾತ್ರ ಬದಲಾಗಲಿಲ್ಲ. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಅಂದು ಬಿದ್ದ ಕ್ರಮಾಂಕವೇ ಉಳಿಯಿತು.